ನಿಲ್ಲಿಸಿದ ಗುಳಿಗೆಯನ್ನು ಮತ್ತೆ ಆರಂಭಿಸುವಾಗ

ರಜೆಗೆ ಊರಿಗೆ ಹೊರಡುವ ನೌಕರ ಬಂಧುಗಳು ತಿಳಿದಿರಬೇಕಾದ ಸಂಗತಿಗಳು

ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳ ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಅನೇಕರ ಸಂಸಾರವು ಎರಡು ಊರುಗಳಲ್ಲಿ ಹಂಚಿಹೋಗಿರುತ್ತದೆ. ಯಜಮಾನನು ಹೋಟೆಲಿನ ಮಾಳಿಗೆಯಲ್ಲೋ, ನಾಲ್ಕಾರು ಮಂದಿ ಸೇರಿ ಹಿಡಿದ ಖೋಲಿಯಲ್ಲೋ ಮಲಗಿ ಏಳುವವನು. ಹೆಂಡತಿ ಮಕ್ಕಳು ಕುಂದಾಪುರ, ಉಡುಪಿ, ಕಾರ್ಕಳಗಳ ಕಡೆ ಹಿರಿಯರೊಡನೆ ಇರುವವರು. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ಹದಿನೈದೋ ಇಪ್ಪತ್ತೋ ದಿನಗಳ ರಜೆ ದೊರೆತಾಗ ಮಾತ್ರ ಗಂಡಹೆಂಡಿರು ಒಂದೇ ಸೂರಿನಡಿಯಲ್ಲಿ ಇರುವ ಯೋಗ. ಗುಮಾಸ್ತೆಗಿರಿಯಲ್ಲಿದ್ದು ನಗರದಲ್ಲಿಯೇ ಬಿಡಾರ ಮಾಡಿಕೊಂಡಿರುವವರಿಗೂ ಹೆಂಡತಿಯ ತವರಿನ ವಾಸ, ಬಾಣಂತನ, ವರ್ಗಾವಣೆ ಮೊದಲಾದ ಕಾರಣಗಳಿಂದ ತಿಂಗಳುಗಟ್ಟಲೆ ಅಗಲಿರಬೇಕಾದ ಪ್ರಸಂಗಗಳು ಬರುತ್ತವೆ.

ಇಂಥ ಸಂಸಾರಗಳಲ್ಲಿ ಗರ್ಭನಿರೋಧಕ ಗುಳಿಗೆಯ ಉಪಯೋಗವು ಒಂದು ವಿಶಿಷ್ಟ ರೀತಿಯನ್ನು ತಳೆಯುವುದು ಸಹಜ. ಗಂಡನು ರೈಲು ಹತ್ತಿದೊಡನೆ ಹೆಂಡತಿಯು ಗುಳಿಗೆಯನ್ನು ನಿಲ್ಲಿಸುತ್ತಾಳೆ. ಅವನು ಮರಳಿ ಬರುವ ದಿನ ಪೆಟ್ಟಿಗೆಯೊಳಗಿಂದ ಪೊಟ್ಟಣವನ್ನು ತೆಗೆದು ಮತ್ತೆ ನುಂಗಲು ತೊಡಗುತ್ತಾಳೆ. ಬೇಡದ ಕಾಲದಲ್ಲಿ ಔಷಧವೇಕೆ ಎಂಬ ಆಲೋಚನೆಯಲ್ಲಿ ವಿವೇಕವಿಲ್ಲವೆಂದು ಹೇಳಲಾಗದು. ಆದರೆ ಗುಳಿಗೆಯ ಗುಣಧರ್ಮವು ಈ ಲೆಕ್ಕಕ್ಕೆ ಹೊಂದುವುದಿಲ್ಲ. ನಿಲ್ಲಿಸಿದ ಗುಳಿಗೆಯನ್ನು ಆರಂಭಿಸಿದ ದಿನವೇ ಅದು ಎಲ್ಲ ವೇಳೆಯಲ್ಲಿಯೂ ರಕ್ಷಣೆ ನೀಡಲಾರದು. ಅದು ನೆಲೆಯೂರಲು ಸಾಮಾನ್ಯವಾಗಿ 7 ದಿನಗಳು ಬೇಕು. ಹದಿನೈದು ದಿನಗಳ ರಜೆಯಲ್ಲಿ ಮೊದಲ 7 ದಿನಗಳು ರಕ್ಷಣೆಯಿಲ್ಲದೆ ಕಳೆದರೆ ಆಗುವುದೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನು ಮರಳಿ ಗಲ್ಲಾದ ಮುಂದೆ ಕುಳಿತ ಮೇಲೆ ಊರಿನಲ್ಲಿ ಹೆಂಡತಿಗೆ ತಿಂಗಳು ತಪ್ಪಿರುವುದು ತಿಳಿಯುತ್ತದೆ. ಮುಂದಿನ ಚಿಂತೆಯೆಲ್ಲವನ್ನೂ ಅವಳೊಬ್ಬಳೇ ಹೊರಬೇಕಾಗುತ್ತದೆ. "ಗುಳಿಗೆ ತೆಗೆದುಕೊಂಡಿದ್ದೆನಲ್ಲ" ಎಂದು ಅವಳು ಹೇಳುವುದು ಸುಳ್ಳೂ ಅಲ್ಲ. ಆದುದರಿಂದ ಈ ವಿಷಯವನ್ನು ಸಂಕೋಚವಿಲ್ಲದೆ, ಸರಳವಾಗಿ ತಿಳಿದುಕೊಳ್ಳುವುದು ಗಂಡಹೆಂಡಿರಿಬ್ಬರಿಗೂ ಅವಶ್ಯವಾಗಿದೆ.

ಏಳು ದಿನಗಳು ಏಕೆ?

ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿರುವ ಗುಳಿಗೆಗಳು ಮಾಲಾ-ಎನ್ ಮತ್ತು ಮಾಲಾ-ಡಿ. ಮೊದಲನೆಯದನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಧರ್ಮಾರ್ಥವಾಗಿ ಕೊಡುತ್ತಾರೆ. ಎರಡನೆಯದು ಅಗ್ಗದ ಬೆಲೆಗೆ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಒಳಗಿನ ವಸ್ತು ಎರಡರಲ್ಲಿಯೂ ಒಂದೇ. ಪ್ರತಿಯೊಂದು ಪೊಟ್ಟಣದಲ್ಲಿ 28 ಗುಳಿಗೆಗಳುಂಟು. ಇವುಗಳಲ್ಲಿ 21 ಹಾರ್ಮೋನಿನ ಗುಳಿಗೆಗಳು, ಲೆವೊನಾರ್‌ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ ಇವುಗಳಲ್ಲಿರುತ್ತವೆ. ಉಳಿದ 7 ಬೇರೆ ಬಣ್ಣದ ಕಬ್ಬಿಣಾಂಶದ ಗುಳಿಗೆಗಳು. ಇವುಗಳಿಗೆ ಗರ್ಭವನ್ನು ತಡೆಯುವ ಶಕ್ತಿಯಿಲ್ಲ. ದಿನಕ್ಕೊಂದು ನುಂಗುವ ಅಭ್ಯಾಸ ತಪ್ಪದಿರಲೆಂದೂ ರಕ್ತಪುಷ್ಟಿಯಾಗಲೆಂದೂ ಅವನ್ನು ಸೇರಿಸಿದ್ದಾರೆ.

ಹಾರ್ಮೋನಿನ ಗುಳಿಗೆಯ ಮುಖ್ಯ ಕೆಲಸವೆಂದರೆ ಅಂಡಾಶಯದಿಂದ ಅಂಡಾಣು ಹೊರಬೀಳದಂತೆ ತಡೆಯುವುದು. ಜೊತೆಗೆ ಗರ್ಭಕೋಶದ ಬಾಯಿಯಲ್ಲಿರುವ ಲೋಳೆಯನ್ನು ದಪ್ಪಗೊಳಿಸಿ ವೀರ್ಯಾಣುಗಳ ಪ್ರವೇಶಕ್ಕೆ ಅಡ್ಡಿಯೊಡ್ಡುತ್ತದೆ. ಅಂಡಾಶಯವು ಒಂದೆರಡು ಗುಳಿಗೆಗಳಿಗೆ ಸುಮ್ಮನಾಗುವುದಿಲ್ಲ. ಎಡೆಬಿಡದೆ 7 ದಿನ ಹಾರ್ಮೋನಿನ ಗುಳಿಗೆ ದೇಹವನ್ನು ಸೇರಿದ ಮೇಲೆಯೇ ಅದು ತಕ್ಕಮಟ್ಟಿಗೆ ವಿಶ್ರಾಂತ ಸ್ಥಿತಿಗೆ ಬರುತ್ತದೆ. ಗುಳಿಗೆಯನ್ನು ನಿಲ್ಲಿಸಿದಾಗಲಾದರೋ ಬೇಗನೆ ಎಚ್ಚತ್ತುಕೊಳ್ಳುತ್ತದೆ. ಹಲವು ವರ್ಷ ಗುಳಿಗೆ ತೆಗೆದುಕೊಂಡವಳಿಗೆ ಆ ಶಕ್ತಿ ಮೈಯಲ್ಲಿ ಉಳಿದಿರುತ್ತದೆ, ನಿಲ್ಲಿಸಿದ ಮೇಲೂ ಕೆಲವು ತಿಂಗಳು ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆ ತಪ್ಪು. ನಿಲ್ಲಿಸಿದ ಮೊದಲ ತಿಂಗಳಲ್ಲಿಯೇ ಗರ್ಭ ಧರಿಸಿದವರು ಉಂಟು. ಹಿಂದೆ ನುಂಗಿದ ಗುಳಿಗೆಯು ಇಂದಿನ ರಜೆಗೆ ಉಪಯೋಗಕ್ಕೆ ಬರದು. ಪ್ರತಿಸಲವೂ ಹೊಸದಾಗಿಯೇ ಆರಂಭಿಸಬೇಕು.

ಆರಂಭಕ್ಕೆ ತಕ್ಕ ದಿನ

ಬಿಟ್ಟ ಗುಳಿಗೆಯನ್ನು ಮತ್ತೆ ತೊಡಗುವುದಕ್ಕೆ ಎರಡು ಮಾರ್ಗಗಳಿವೆ.

ಮೊದಲನೆಯದು, ಮುಟ್ಟಾದ ದಿನದಿಂದ ಎಣಿಸಿ 5 ದಿನಗಳ ಒಳಗೆ ಹೊಸ ಪೊಟ್ಟಣವನ್ನು ಆರಂಭಿಸುವುದು. ಹಾಗೆ ಮಾಡಿದರೆ ಅಂದಿನಿಂದಲೇ ರಕ್ಷಣೆ ದೊರೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನದಲ್ಲಿ ಹೇಳಿದೆ. ಎಲ್ಲಕ್ಕಿಂತ ಉತ್ತಮವಾದ ಕ್ರಮ ಇದೇ.

ಎರಡನೆಯದು, ಆ 5 ದಿನಗಳು ಕಳೆದಿದ್ದರೂ ಗರ್ಭವಿಲ್ಲವೆಂಬುದು ನಿಶ್ಚಯವಾಗಿದ್ದಲ್ಲಿ ಯಾವ ದಿನವಾದರೂ ಆರಂಭಿಸುವುದು. ಆದರೆ ಹೀಗೆ ಆರಂಭಿಸಿದವರು ಮೊದಲ 7 ದಿನ ಸಮಾಗಮವನ್ನು ಬಿಟ್ಟಿರಬೇಕು, ಇಲ್ಲವೇ ತಪ್ಪದೆ ನಿರೋಧ್ ಉಪಯೋಗಿಸಬೇಕು. ಎಂಟನೆಯ ದಿನದಿಂದ ಗುಳಿಗೆಯೊಂದೇ ಸಾಕು.

ಗರ್ಭದ ವಿಷಯದಲ್ಲಿ ಅನುಮಾನವಿದ್ದರೆ ಔಷಧದ ಅಂಗಡಿಯಲ್ಲಿ ದೊರೆಯುವ ಮೂತ್ರಪರೀಕ್ಷೆಯ ಪಟ್ಟಿಯಿಂದ ಮನೆಯಲ್ಲಿಯೇ ನೋಡಿಕೊಳ್ಳಬಹುದು; ಆರೋಗ್ಯ ಕೇಂದ್ರದಲ್ಲಿಯೂ ಈ ಪರೀಕ್ಷೆ ಮಾಡುತ್ತಾರೆ. ಸಂಪರ್ಕವಾಗಿ ಕೆಲವೇ ದಿನಗಳಾಗಿದ್ದರೆ ಪಟ್ಟಿಯಲ್ಲಿ ಏನೂ ಕಾಣದಿರಬಹುದು. ಮೂರು ವಾರಗಳ ಅನಂತರ ಮತ್ತೆ ನೋಡುವುದು ಲೇಸು. ಇನ್ನೊಂದು ಭಯವನ್ನೂ ಇಲ್ಲಿ ನಿವಾರಿಸಬೇಕು. ಗರ್ಭವಿರುವುದು ತಿಳಿಯದೆ ಕೆಲವು ಗುಳಿಗೆಗಳನ್ನು ನುಂಗಿದ ಮಾತ್ರಕ್ಕೆ ಮಗುವಿಗೆ ಅಂಗವೈಕಲ್ಯವುಂಟಾಗುತ್ತದೆಂಬುದಕ್ಕೆ ಆಧಾರವಿಲ್ಲ. ತಿಳಿದೊಡನೆ ಗುಳಿಗೆಯನ್ನು ನಿಲ್ಲಿಸಿದರೆ ಸಾಕು.

ಒಂದು ಲೆಕ್ಕ

ಈ ನಿಯಮವನ್ನು ನಮ್ಮವರ ರಜೆಗೆ ಅನ್ವಯಿಸಿ ನೋಡೋಣ. ಒಬ್ಬ ನೌಕರನಿಗೆ ಮೇ 1ರಿಂದ 20ರ ತನಕ ರಜೆ ದೊರೆತಿದೆಯೆಂದಿಟ್ಟುಕೊಳ್ಳೋಣ. ಊರಿನಲ್ಲಿರುವ ಅವನ ಹೆಂಡತಿಯು ಏಪ್ರಿಲ್ 18ರಂದು ಮುಟ್ಟಾದಳು. ರಜೆಯ ಸುದ್ದಿ ಅವಳಿಗೆ ಮೊದಲೇ ತಿಳಿದಿದ್ದರೆ ಏಪ್ರಿಲ್ 18ರಂದೇ ಹೊಸ ಪೊಟ್ಟಣವನ್ನು ಆರಂಭಿಸಬಹುದು. ಗಂಡನು ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ 13 ಹಾರ್ಮೋನಿನ ಗುಳಿಗೆಗಳಾಗಿರುತ್ತವೆ. ಯಾವ ಚಿಂತೆಯೂ ಇಲ್ಲ. ಮೇ 8ಕ್ಕೆ 21 ಗುಳಿಗೆಗಳು ಮುಗಿಯುತ್ತವೆ. 9ರಿಂದ 15ರ ವರೆಗೆ ಕಬ್ಬಿಣಾಂಶದ ಗುಳಿಗೆಗಳು. ಈ ನಡುವೆ ಮುಟ್ಟಿನಂತೆ ಸ್ರಾವವಾಗುತ್ತದೆ. ಒಂದು ಗುಳಿಗೆಯನ್ನೂ ತಪ್ಪಿಸಿರದಿದ್ದರೆ ಈ 7 ದಿನಗಳಲ್ಲಿಯೂ ರಕ್ಷಣೆಯಿರುತ್ತದೆ. ಮೇ 16ರಂದು ಸ್ರಾವ ನಿಂತಿರಲಿ, ನಿಲ್ಲದಿರಲಿ, ಎರಡನೆಯ ಪೊಟ್ಟಣವನ್ನು ಆರಂಭಿಸಲೇಬೇಕು.

ರಜೆಯ ಸುದ್ದಿಯು ಏಪ್ರಿಲ್ 30ರಂದು ತಿಳಿಯಿತೆನ್ನಿ. ಮುಟ್ಟಾಗಿ 12 ದಿನಗಳು ಕಳೆದಿವೆ. ಗರ್ಭ ನಿಲ್ಲಲು ಹೆಚ್ಚು ಅನುಕೂಲವಾದ ಕಾಲವೇ ಅದು. ಮೇ 1ರಂದು ಗುಳಿಗೆಯನ್ನು ಆರಂಭಿಸಿದರೂ 7ರ ತನಕ ಅದನ್ನೇ ನಂಬಲಾಗದು. ಆ 7 ದಿನ ನಿರೋಧ್ ಬಳಸಿದರೆ 8ರಿಂದ ನಿಶ್ಚಿಂತೆ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವೆಲ್ಲ ಸುದ್ದಿ ತಿಳಿಸಿದ ದಿನದಲ್ಲಿದೆ. ಟಿಕೆಟು ಮಾಡಿಸಿದ ದಿನವೇ ಮನೆಗೆ ಫೋನು ಮಾಡುವ ಗಂಡನು ಹೆಂಡತಿಯ ಅರ್ಧ ಚಿಂತೆಯನ್ನು ಕಳೆದಂತೆಯೇ ಸರಿ.

ಹೋಗುವಾಗಿನ ಲೆಕ್ಕವೂ ಇದೆ. ಮೇ 20ರಂದು ಗಂಡನು ಹೊರಟುಹೋದನೆಂದು ಹೆಂಡತಿಯು ಅಂದೇ ಗುಳಿಗೆಯನ್ನು ನಿಲ್ಲಿಸಬಾರದು. ಮೊದಲ ಉದಾಹರಣೆಯಲ್ಲಿ ಅಂದಿಗೆ ಎರಡನೆಯ ಪೊಟ್ಟಣದಿಂದ 5 ಗುಳಿಗೆಗಳು ಮಾತ್ರ ಆಗಿರುತ್ತವೆ. ವೀರ್ಯಾಣುಗಳು ಸ್ತ್ರೀಯ ದೇಹದೊಳಗೆ 5 ದಿನಗಳವರೆಗೂ ಜೀವಂತವಾಗಿರಬಲ್ಲವು. ಅಷ್ಟರಲ್ಲಿ ಅಂಡಾಶಯವು ಎಚ್ಚತ್ತರೆ, ಗಂಡನು ಮುಂಬಯಿ ತಲಪಿದ ಮೇಲೂ ಗರ್ಭ ನಿಲ್ಲಬಹುದು. ಆದುದರಿಂದ ಕೈಯಲ್ಲಿರುವ ಪೊಟ್ಟಣದ 21 ಹಾರ್ಮೋನಿನ ಗುಳಿಗೆಗಳನ್ನು, ಅಂದರೆ ಜೂನ್ 5ರ ತನಕ, ಮುಗಿಸಿಯೇ ನಿಲ್ಲಿಸತಕ್ಕದ್ದು.

ಹಳೆಯ ಪೊಟ್ಟಣದ ಮೋಸ

ಮರಳಿ ಆರಂಭಿಸುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳಲ್ಲಿ ಒಂದೆಂದರೆ, ಹಿಂದಿನ ಸಲ ಅರ್ಧಕ್ಕೆ ಬಿಟ್ಟ ಪೊಟ್ಟಣವನ್ನೇ ಮುಂದುವರಿಸುವುದು. ಅದರಲ್ಲಿ ಹಾರ್ಮೋನಿನ ಗುಳಿಗೆಗಳು ನಾಲ್ಕೋ ಐದೋ ಉಳಿದಿರಬಹುದು. ಅನಂತರ ಬರುವವು ಕಬ್ಬಿಣಾಂಶದವು. ನಿತ್ಯವೂ ಒಂದನ್ನು ನುಂಗುತ್ತಿದ್ದರೂ ರಕ್ಷಣೆ ಮಾತ್ರ ಇಲ್ಲ. ಆರಂಭವು ಯಾವಾಗಲೂ ಹೊಸ ಪೊಟ್ಟಣದಿಂದ, ಹಾರ್ಮೋನಿನ ಮೊದಲ ಗುಳಿಗೆಯಿಂದಲೇ ಆಗಬೇಕು. ಪೊಟ್ಟಣದ ಮೇಲೆ ಅಚ್ಚಾಗಿರುವ ಅವಧಿಯನ್ನೂ ನೋಡಿಕೊಳ್ಳಬೇಕು. ಅಡುಗೆಮನೆಯ ಬಿಸಿಗೂ ಮಳೆಗಾಲದ ತೇವಕ್ಕೂ ಸಿಕ್ಕದಂತೆ, ಮಕ್ಕಳ ಕೈಗೆಟುಕದಂತೆ ಇಡಬೇಕು.

ಹಬ್ಬ, ಪೂಜೆ, ನೇಮಗಳ ಸಮಯದಲ್ಲಿ ಮುಟ್ಟನ್ನು ಮುಂದೂಡಲು ಅಂಗಡಿಯಿಂದ ತರುವ ಗುಳಿಗೆಯು ಬೇರೆಯದು. ಬಹುಮಟ್ಟಿಗೆ ಅದು ನಾರೆಥಿಸ್ಟೆರೋನ್ ಎಂಬ ಹಾರ್ಮೋನು. ರಜೆಯೂ ಹಬ್ಬವೂ ಕೂಡಿ ಬರುವುದರಿಂದ ಎರಡನ್ನೂ ಒಂದೇ ಎಂದು ಭಾವಿಸುವ ಅಪಾಯವುಂಟು. ಮುಟ್ಟನ್ನು ಮುಂದೂಡುವ ಆ ಗುಳಿಗೆಯನ್ನು ಗರ್ಭನಿರೋಧಕವೆಂದು ನಂಬಬಾರದು.

ನಡುವೆ ಮರೆತರೆ

ತಿಂಗಳುಗಳ ಬಿಡುವು ಒಂದು ಬಗೆ; ಎರಡು ಮೂರು ದಿನಗಳ ಮರೆವು ಇನ್ನೊಂದು ಬಗೆ. ಒಂದು ಗುಳಿಗೆ ತಪ್ಪಿದ್ದರೆ ನೆನಪಾದೊಡನೆ ಅದನ್ನು ತೆಗೆದುಕೊಂಡು, ಆ ದಿನದ ಗುಳಿಗೆಯನ್ನು ವೇಳೆಗೆ ಸರಿಯಾಗಿ ತೆಗೆದುಕೊಳ್ಳಬೇಕು. ಒಂದೇ ದಿನ ಎರಡಾದರೂ ಬಾಧಕವಿಲ್ಲ. ಎರಡು ಅಥವಾ ಹೆಚ್ಚು ಹಾರ್ಮೋನಿನ ಗುಳಿಗೆಗಳು ಸಾಲಾಗಿ ತಪ್ಪಿದ್ದರೆ, ಕೊನೆಯದಾಗಿ ತಪ್ಪಿದ ಒಂದನ್ನು ಮಾತ್ರ ಕೂಡಲೇ ತೆಗೆದುಕೊಂಡು ಮುಂದುವರಿಸಿ, 7 ದಿನ ನಿರೋಧ್ ಉಪಯೋಗಿಸುವುದು ಕ್ಷೇಮ. ತಪ್ಪಿದ್ದು ಮೂರನೆಯ ವಾರದಲ್ಲಾದರೆ ಹಾರ್ಮೋನಿನ ಗುಳಿಗೆಗಳು ಮುಗಿದೊಡನೆ ಕಬ್ಬಿಣಾಂಶದವನ್ನು ಬಿಟ್ಟು, ಮರುದಿನವೇ ಹೊಸ ಪೊಟ್ಟಣಕ್ಕೆ ತೊಡಗಬೇಕು. ಕಬ್ಬಿಣಾಂಶದ ಗುಳಿಗೆ ತಪ್ಪಿದ್ದಕ್ಕೆ ಚಿಂತಿಸಬೇಕಾಗಿಲ್ಲ. ಆದರೆ ಹೊಸ ಪೊಟ್ಟಣದ ಆರಂಭವು ತಡವಾಗಬಾರದು. ಗುಳಿಗೆ ನುಂಗಿದ 2 ಗಂಟೆಗಳೊಳಗೆ ವಾಂತಿಯಾದರೆ ಇನ್ನೊಂದನ್ನು ತೆಗೆದುಕೊಳ್ಳಬೇಕು.

ಕೆಲವು ಔಷಧಗಳು ಗುಳಿಗೆಯ ಬಲವನ್ನು ಕುಗ್ಗಿಸುತ್ತವೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಇವು ಆ ಬಗೆಯವು. ಈ ಚಿಕಿತ್ಸೆಯಲ್ಲಿರುವ ಸ್ತ್ರೀಯರು ಗುಳಿಗೆಯನ್ನು ಮರಳಿ ಆರಂಭಿಸುವ ಮುನ್ನ ವೈದ್ಯರಿಗೆ ತಿಳಿಸಿ ಬೇರೆ ಉಪಾಯವನ್ನು ಕೇಳಬೇಕು.

ಬಾಣಂತನದ ಬಳಿಕ

ಹೆರಿಗೆಗೆಂದು ತವರಿಗೆ ಹೋದವರು ಮರಳಿ ಬರುವಾಗ ಗುಳಿಗೆಯ ಪ್ರಶ್ನೆ ಮತ್ತೆ ಏಳುತ್ತದೆ. ಮಗುವಿಗೆ ಎದೆಹಾಲು ಕೊಡುವ ತಾಯಿಯು ಮಾಲಾ-ಎನ್, ಮಾಲಾ-ಡಿಗಳಂಥ ಗುಳಿಗೆಗಳನ್ನು ಹೆರಿಗೆಯಾಗಿ 6 ತಿಂಗಳು ತುಂಬುವ ತನಕ ಆರಂಭಿಸಬಾರದು. ಹಾಲು ಕೊಡದಿರುವವರು ಕೂಡ ಮೊದಲ 3 ವಾರ ಮುಟ್ಟಕೂಡದು. ರಕ್ತ ಹೆಪ್ಪುಗಟ್ಟುವ ಅಪಾಯದ ಬೇರೆ ಕಾರಣಗಳಿದ್ದರೆ 6 ವಾರ ಕಾಯಬೇಕು. ಗರ್ಭಪಾತವಾದವರಾದರೋ ವೈದ್ಯರ ಸಲಹೆಯಂತೆ 7 ದಿನಗಳೊಳಗೆ ಆರಂಭಿಸಬಹುದು; ಅಂಥವರಿಗೆ ಕೂಡಲೇ ರಕ್ಷಣೆ ದೊರೆಯುತ್ತದೆ.

ಹಾಲೂಡಿಸುವ ತಾಯಂದಿರಿಗೆ ಅನುಕೂಲವಾದ ಇನ್ನೊಂದು ಗುಳಿಗೆ ನಮ್ಮ ದೇಶದಲ್ಲಿಯೇ ಹುಟ್ಟಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದ ವಿಜ್ಞಾನಿಗಳು ಕಂಡುಹಿಡಿದ ಸೆಂಟ್‌ಕ್ರೋಮನ್ ಎಂಬುದೇ ಅದು. ಅಂಗಡಿಗಳಲ್ಲಿ ಸಹೇಲಿ ಎಂದೂ ಸರ್ಕಾರಿ ಕೇಂದ್ರಗಳಲ್ಲಿ ಛಾಯಾ ಎಂದೂ ಅದಕ್ಕೆ ಹೆಸರು. ಇದರಲ್ಲಿ ಮೇಲೆ ಹೇಳಿದ ಹಾರ್ಮೋನುಗಳಿಲ್ಲ. ನಿತ್ಯವೂ ನುಂಗುವ ಅವಶ್ಯಕತೆಯೂ ಇಲ್ಲ. ಮುಟ್ಟಾದ ಮೊದಲ ದಿನ ಆರಂಭಿಸಿ ಮೊದಲ 3 ತಿಂಗಳು ವಾರಕ್ಕೆ ಎರಡು ಸಲ, ಅನಂತರ ವಾರಕ್ಕೆ ಒಂದು ಸಲ. ಇದಕ್ಕೂ ಬಿಡುವಿನ ನಿಯಮವುಂಟು. ಗುಳಿಗೆ ತಪ್ಪಿ 7 ದಿನಗಳೊಳಗೆ ನೆನಪಾದರೆ ಕೂಡಲೇ ತೆಗೆದುಕೊಂಡು, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಬೇಕು. 7 ದಿನಗಳನ್ನು ಮೀರಿದರೆ ಮತ್ತೆ ಮೊದಲಿನಿಂದ, ವಾರಕ್ಕೆರಡರಂತೆ 3 ತಿಂಗಳು ನಡೆಸಬೇಕು. ಕಾಮಾಲೆ, ಕ್ಷಯ, ಮೂತ್ರಪಿಂಡದ ರೋಗ ಅಥವಾ ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ ಇದ್ದವರಿಗೆ ಇದು ತಕ್ಕುದಲ್ಲ.

ಬಿಡುವು ಕೊಡುವುದು ಒಳ್ಳೆಯದೇ?

"ಒಂದೇ ಸಮನೆ ನುಂಗಿದರೆ ಮೈಗೆ ಉಷ್ಣ, ಆಗಾಗ ಬಿಟ್ಟು ತೆಗೆದುಕೊಳ್ಳಬೇಕು" ಎಂಬ ಮಾತು ಹೆಂಗಸರಲ್ಲಿ ಬಹಳ ಕಾಲದಿಂದ ಪ್ರಚಾರದಲ್ಲಿದೆ. ಅಮೆರಿಕದಲ್ಲಿ 1960ರಲ್ಲಿ ಸಂತತಿ ನಿಯಮನಕ್ಕಾಗಿ ಅನುಮತಿ ಪಡೆದ ಮೊದಲ ಗುಳಿಗೆಯಲ್ಲಿ 150 ಮೈಕ್ರೊಗ್ರಾಂ ಈಸ್ಟ್ರೊಜೆನ್ ಇದ್ದಿತು. ಮಾಲಾ-ಎನ್‌ನಲ್ಲಿರುವುದು ಇನ್ನೊಂದು ಬಗೆಯ ಈಸ್ಟ್ರೊಜೆನ್, ಅದೂ 30 ಮೈಕ್ರೊಗ್ರಾಂ ಮಾತ್ರ. ಆರೋಗ್ಯವಂತಳಾದ ಸ್ತ್ರೀಯು ವಿಶ್ರಾಂತಿಗೆಂದು ಗುಳಿಗೆಯನ್ನು ನಿಲ್ಲಿಸಬೇಕಾದ ಅಗತ್ಯವಿಲ್ಲವೆಂಬುದು ವೈದ್ಯರ ಅಭಿಪ್ರಾಯ. ನಿಜವಾಗಿ ನೋಡಿದರೆ ಆಗಾಗ ಬಿಟ್ಟು ಆರಂಭಿಸುವುದರಲ್ಲಿಯೇ ತೊಂದರೆ ಹೆಚ್ಚು. ಹೊಸದಾಗಿ ಆರಂಭಿಸಿದ ಮೊದಲ ಎರಡು ಮೂರು ತಿಂಗಳು ಓಕರಿಕೆ, ತಲೆನೋವು, ಎದೆಯ ಬಿಗಿತ, ನಡುನಡುವೆ ತುಸು ಸ್ರಾವ ಕಾಣಿಸುವುದುಂಟು. ಮೈ ಒಗ್ಗಿಕೊಂಡ ಬಳಿಕ ಅವು ಹೋಗುತ್ತವೆ. ಮತ್ತೆ ಮತ್ತೆ ಆರಂಭಿಸುವವಳು ಮತ್ತೆ ಮತ್ತೆ ಅದೇ ಕಷ್ಟವನ್ನು ಅನುಭವಿಸುತ್ತಾಳೆ.

ಇದಕ್ಕಿಂತ ಮುಖ್ಯವಾದುದು ರಕ್ತ ಹೆಪ್ಪುಗಟ್ಟುವ ವಿಷಯ. ಗುಳಿಗೆ ತೆಗೆದುಕೊಳ್ಳದ ಸ್ತ್ರೀಯರಲ್ಲಿ ವರ್ಷಕ್ಕೆ 10,000ಕ್ಕೆ ಸುಮಾರು 2 ಮಂದಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಲೆವೊನಾರ್‌ಜೆಸ್ಟ್ರೆಲ್ ಇರುವ ಗುಳಿಗೆ ತೆಗೆದುಕೊಳ್ಳುವವರಲ್ಲಿ 5ರಿಂದ 7 ಮಂದಿಗೆ. ಸಂಖ್ಯೆ ಅಲ್ಪವೇ ಸರಿ. ಗರ್ಭ ಮತ್ತು ಬಾಣಂತನಗಳಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಆದರೆ ಗುಳಿಗೆಯಿಂದ ಬರುವ ಅಪಾಯವು ಆರಂಭಿಸಿದ ಮೊದಲ ವರ್ಷದಲ್ಲಿಯೇ ಅಧಿಕ. 4 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟು ಮತ್ತೆ ತೊಡಗಿದಾಗಲೂ ಅದು ಮತ್ತೆ ಹೆಚ್ಚುತ್ತದೆ. ವರ್ಷಕ್ಕೆ ಎರಡು ಸಲ ಬಿಟ್ಟು ಹಿಡಿಯುವವಳು ಈ ಹೆಚ್ಚಿನ ಅಪಾಯವನ್ನು ಎರಡು ಸಲ ಎದುರಿಸುತ್ತಾಳೆಂದಾಯಿತು.

ಆದುದರಿಂದ ದೀರ್ಘಕಾಲದ ಬಿಡುವಿನ ಬಳಿಕ ಗುಳಿಗೆಗೆ ಕೈಹಾಕುವ ಮುನ್ನ ಒಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡವನ್ನು ನೋಡಿಸುವುದು ಅವಶ್ಯ. ಹಿಂದೆ ಹೊಂದಿಕೊಂಡಿದ್ದ ಗುಳಿಗೆ ಈಗಲೂ ಹೊಂದಿಕೊಳ್ಳುವುದೆಂಬ ನಿಯಮವಿಲ್ಲ. ನಡುವೆ ವಯಸ್ಸು ಏರಿರಬಹುದು, ರೋಗ ಬಂದಿರಬಹುದು. ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಮೇಲಿದ್ದವರು, 35 ವರ್ಷ ಕಳೆದು ಧೂಮಪಾನ ಮಾಡುವವರು, ಕಣ್ಣಿಗೆ ಮಿಂಚು ಕಟ್ಟಿ ಬರುವ ಅರೆತಲೆನೋವಿನವರು, ಹಿಂದೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ರಕ್ತ ಹೆಪ್ಪುಗಟ್ಟಿದವರು, ಹೃದ್ರೋಗ, ಪಾರ್ಶ್ವವಾಯು, ಸ್ತನದ ಕ್ಯಾನ್ಸರ್, ತೀವ್ರವಾದ ಪಿತ್ತಜನಕಾಂಗದ ರೋಗ ಇದ್ದವರು ಈ ಜಾತಿಯ ಗುಳಿಗೆಯನ್ನು ತೆಗೆದುಕೊಳ್ಳಬಾರದು. ಆರಂಭಿಸಿದ ಮೇಲೆ ಒಂದೇ ಕಾಲಿನ ಮೀನಖಂಡದಲ್ಲಿ ಬಾವು ಮತ್ತು ನೋವು, ಎದೆನೋವು, ಉಸಿರುಕಟ್ಟುವಿಕೆ, ಹಠಾತ್ತಾದ ವಿಪರೀತ ತಲೆನೋವು, ದೃಷ್ಟಿ ಮಂಕಾಗುವಿಕೆ, ಕಾಮಾಲೆ ಇವುಗಳಲ್ಲಿ ಯಾವುದು ಕಂಡರೂ ಗುಳಿಗೆಯನ್ನು ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಗಲಿರುವವರಿಗೆ ಬೇರೆ ದಾರಿಗಳು

ಇಷ್ಟೆಲ್ಲವನ್ನು ವಿಚಾರಿಸಿದ ಮೇಲೆ, ವರ್ಷದಲ್ಲಿ ಹದಿನೈದು ದಿನ ಮಾತ್ರ ಕೂಡಿರುವ ದಂಪತಿಗಳಿಗೆ ಗುಳಿಗೆಯೇ ತಕ್ಕ ಸಾಧನವೇ ಎಂಬ ಪ್ರಶ್ನೆ ಏಳುವುದು ನ್ಯಾಯವಾಗಿದೆ. ಅನೇಕರಿಗೆ ಅಲ್ಲವೆಂದೇ ಉತ್ತರ. ಅಷ್ಟು ಅಲ್ಪಾವಧಿಗೆ ನಿರೋಧ್ ಒಂದನ್ನೇ ತಪ್ಪದೆ ಉಪಯೋಗಿಸಿದರೂ ಕೆಲಸ ನಡೆಯುತ್ತದೆ. 1968ರಲ್ಲಿ ಸರ್ಕಾರವು ಪ್ರಚಾರಕ್ಕೆ ತಂದ ಈ ಸಾಧನದಿಂದ ಸ್ತ್ರೀಯ ದೇಹಕ್ಕೆ ಯಾವ ಔಷಧವೂ ಸೇರುವುದಿಲ್ಲ. ಗರ್ಭದ ಜೊತೆಗೆ ಲೈಂಗಿಕ ರೋಗಗಳಿಂದಲೂ ಅದು ರಕ್ಷಿಸುತ್ತದೆ. ಗುಳಿಗೆಗೆ ಆ ಗುಣವಿಲ್ಲ.

ಮಕ್ಕಳ ನಡುವೆ ಕೆಲವು ವರ್ಷಗಳ ಅಂತರವನ್ನು ಬಯಸುವವರಿಗೆ ಕಾಪರ್-ಟಿ ಅನುಕೂಲವಾದುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಕುವವುಗಳಲ್ಲಿ ಒಂದು ಬಗೆಯು 5 ವರ್ಷ, ಇನ್ನೊಂದು 10 ವರ್ಷ ಕೆಲಸಮಾಡುತ್ತದೆ. ಗಂಡನು ಮುನ್ಸೂಚನೆಯಿಲ್ಲದೆ ಬಂದರೂ ಲೆಕ್ಕ ಹಾಕುವ ಗೋಜಿಲ್ಲ. ಬೇಡವಾದಾಗ ತೆಗೆಸಿದರೆ ಮತ್ತೆ ಗರ್ಭ ಧರಿಸಬಹುದು. 3 ತಿಂಗಳಿಗೊಮ್ಮೆ ಚುಚ್ಚುವ ಅಂತರಾ ಇಂಜೆಕ್ಷನ್ನು ಇನ್ನೊಂದು ಮಾರ್ಗ. ಅದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುವುದುಂಟು. ಇನ್ನು ಮಕ್ಕಳು ಸಾಕೆಂದು ನಿಶ್ಚಯಿಸಿದವರಲ್ಲಿ ಗಂಡನೇ ಶಸ್ತ್ರಕ್ರಿಯೆಗೆ ಮುಂದಾಗಬಹುದು. ಈಗ ಅದು ಹೊಲಿಗೆಯಿಲ್ಲದೆ ಮುಗಿಯುವ ಚಿಕ್ಕ ಕ್ರಿಯೆ. ಆದರೆ ಅದಕ್ಕೂ ಕಾಲಾವಕಾಶ ಬೇಕು. 3 ತಿಂಗಳು ಬೇರೆ ರಕ್ಷಣೆಯನ್ನು ಬಳಸಿ, ವೀರ್ಯಪರೀಕ್ಷೆಯಾದ ಬಳಿಕವೇ ನಿಶ್ಚಿಂತರಾಗಬೇಕು. ಮುಂಬಯಿಯಲ್ಲಿ ಮಾಡಿಸಿಕೊಂಡು ಮರುವಾರವೇ ಊರಿಗೆ ಹೊರಟರೆ ಪ್ರಯೋಜನವಾಗದು.

ಲೆಕ್ಕ ತಪ್ಪಿದಾಗ

ಎಚ್ಚರಿಕೆ ತಪ್ಪಿ ರಕ್ಷಣೆಯಿಲ್ಲದೆ ಸಂಪರ್ಕವಾದರೆ 72 ಗಂಟೆಗಳೊಳಗೆ ತೆಗೆದುಕೊಳ್ಳುವ ತುರ್ತು ಗುಳಿಗೆಯುಂಟು. ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಫಲ. ಔಷಧದ ಅಂಗಡಿಯಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯಲ್ಲಿಯೂ ಅದು ದೊರೆಯುತ್ತದೆ. ಅದು ಆ ಒಂದು ಸಲಕ್ಕೆ ಮಾತ್ರ. ಮುಂದಿನ ದಿನಗಳಿಗೆ ರಕ್ಷಣೆ ನೀಡದು. ಮರುದಿನವೇ ನಿತ್ಯದ ಗುಳಿಗೆಯನ್ನು ಆರಂಭಿಸಬಹುದಾದರೂ ಆಗಲೂ 7 ದಿನಗಳ ನಿಯಮ ತಪ್ಪಿದ್ದಲ್ಲ. 3 ವಾರಗಳೊಳಗೆ ಮುಟ್ಟಾಗದಿದ್ದರೆ ಪರೀಕ್ಷೆ ಮಾಡಿಸಬೇಕು.

ಅಷ್ಟಾದರೂ ಗರ್ಭ ನಿಂತಿತೆಂದರೆ, ದಂಪತಿಗಳಿಗೆ ಅದು ಬೇಡವೆಂದಿದ್ದರೆ, ಹಳ್ಳಿಮದ್ದಿಗಾಗಲಿ, ಅಂಗಡಿಯವನು ಗುಟ್ಟಾಗಿ ಕೊಡುವ ಗುಳಿಗೆಗಾಗಲಿ ಹೋಗಬಾರದು. 1971ರ ಕಾನೂನಿನಂತೆ, ಗರ್ಭನಿರೋಧಕ ಸಾಧನವು ವಿಫಲವಾದುದರಿಂದ ನಿಂತ ಗರ್ಭವನ್ನು ಅರ್ಹ ವೈದ್ಯರಲ್ಲಿ ತೆಗೆಸುವುದು ನ್ಯಾಯಸಮ್ಮತವಾಗಿದೆ. 2021ರ ತಿದ್ದುಪಡಿಯ ಬಳಿಕ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಬೇಗ ಹೋದಷ್ಟೂ ಅಪಾಯ ಕಡಿಮೆ. ಇಂಥ ವೇಳೆಯಲ್ಲಿ ಹೆಂಡತಿಯೊಬ್ಬಳನ್ನೇ ಆಸ್ಪತ್ರೆಗೆ ಕಳುಹಿಸದೆ, ಎರಡು ದಿನದ ರಜೆ ಕೇಳಿಯಾದರೂ ಹೋಗುವುದು ಗಂಡನ ಕರ್ತವ್ಯ.

ಗಂಡಸರ ಪಾಲು

ಇದು ಹೆಂಗಸರ ವಿಷಯ, ವೃತ್ತಪತ್ರಿಕೆಯಲ್ಲಿ ಇದೆಲ್ಲ ಏಕೆ ಎಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಈ ವಿಷಯವನ್ನು ಬಹಿರಂಗವಾಗಿ ಚರ್ಚಿಸುವುದರಲ್ಲಿ ನಮ್ಮ ನಾಡೂ, ನಾವು ದುಡಿಯುವ ನಗರವೂ ಹಿಂದೆ ಬಿದ್ದವುಗಳಲ್ಲ. ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿಯೇ ಮುಂಬಯಿಯಲ್ಲಿ ಸಂತತಿ ನಿಯಮನದ ಚಿಕಿತ್ಸಾಲಯವನ್ನು ತೆರೆದರು. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿ ತನ್ನ ಆಸ್ಪತ್ರೆಗಳಲ್ಲಿ ಇಂಥ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ತಾನಾಗಿ ಈ ಕಾರ್ಯವನ್ನು ಕೈಗೊಂಡ ಮೊದಲ ನಿದರ್ಶನಗಳಲ್ಲಿ ಅದೂ ಒಂದು. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರಲ್ಲಿ ಅಗ್ರಗಣ್ಯರಾದ ಧನವಂತಿ ರಾಮರಾವ್ ಅವರು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಅಂದಿನವರು ಬಾಯಿಬಿಟ್ಟು ಆಡಿದ ಮಾತನ್ನು ಇಂದು ಗಂಡಹೆಂಡಿರು ತಮ್ಮೊಳಗೂ ಆಡಲು ನಾಚಿಕೊಳ್ಳುವುದು ಸರಿಯಲ್ಲ.

ಫೋನಿನಲ್ಲಿ ಮಕ್ಕಳ ಓದು, ತೋಟದ ಕೆಲಸ, ಅಮ್ಮನ ಔಷಧ ಎಲ್ಲವನ್ನೂ ವಿಚಾರಿಸುವ ಗಂಡನು ಈ ಒಂದು ಮಾತನ್ನು ಮಾತ್ರ ಹೆಂಡತಿಯ ತಲೆಗೇ ಬಿಡುತ್ತಾನೆ. ಅತ್ತೆ, ನಾದಿನಿಯರು ಸುತ್ತಲಿರುವ ಮನೆಯಲ್ಲಿ ಅವಳಾಗಿಯೇ ಬಾಯಿಬಿಟ್ಟು ಕೇಳುವುದು ಕಷ್ಟ. ಆದುದರಿಂದ ಗಂಡನೇ ಮೊದಲು ಕೇಳಬೇಕು. ರಜೆ ಮಂಜೂರಾದ ದಿನವೇ ತಿಳಿಸಬೇಕು; ಮುಟ್ಟಿನ ದಿನವನ್ನು ಕೇಳಿ ಇಬ್ಬರೂ ಕೂಡಿ ದಿನದರ್ಶಿಕೆಯಲ್ಲಿ ಲೆಕ್ಕ ಹಾಕಬೇಕು; ಸಮಯ ಸಾಲದಿದ್ದರೆ ನಿರೋಧನ್ನು ತಾನೇ ಕೊಂಡೊಯ್ಯಬೇಕು. "ನೀವು ಬರುವ ದಿನ ಮೊದಲೇ ತಿಳಿಸಿದ್ದರೆ..." ಎಂದು ಅವಳು ಆಮೇಲೆ ಹೇಳುವಂತಾಗಬಾರದು.

ಊರಿಗೆ ಹೊರಡುವವರು ಮಕ್ಕಳಿಗೆ ಬಟ್ಟೆ, ಮನೆಗೆ ಸಿಹಿತಿಂಡಿ, ಹಿರಿಯರಿಗೆ ಶಾಲು ಎಲ್ಲವನ್ನೂ ವಾರಗಳ ಮುಂಚೆಯೇ ಜೋಡಿಸಿಕೊಳ್ಳುತ್ತಾರೆ. ಆ ಸಿದ್ಧತೆಯಲ್ಲಿ ಈ 7 ದಿನಗಳ ಲೆಕ್ಕವೂ ಒಂದಾಗಲಿ. ಮಗುವು ಬರುವುದಾದರೆ ತಾಯಿತಂದೆಯರು ಬೇಕೆಂದು ಬಯಸಿದಾಗ ಬರಲಿ. ಲೆಕ್ಕ ತಪ್ಪಿದ ಭಯದಲ್ಲಿ ಬಾರದಿರಲಿ.